ಕೊಚ್ಚಿಗೆ ನೀಲಿ ಜರ್ಸಿಯಲ್ಲಿ: ಎದುರಾಳಿ ಊರಿನ ಮ್ಯಾಚ್‌ಗೆ ಹೊರಟವರಿಗೆ

ಪ್ರಶ್ನೆ: ನಾವು ಮಂಡ್ಯದ ಎಂಟು ಜನ, ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ಅಭಿಮಾನಿಗಳು. ಕಂಠೀರವದಲ್ಲಿ ಮ್ಯಾಚ್ ನೋಡಿ ಅಭ್ಯಾಸ ಇದೆ, ಹೊರಗಿನ ಊರಿಗೆ ಯಾವತ್ತೂ ಹೋಗಿಲ್ಲ. ಈ ಸಲ ಕೊಚ್ಚಿಯ ಕಲೂರು ಸ್ಟೇಡಿಯಂನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧದ ಮ್ಯಾಚ್‌ಗೆ ಹೋಗಲೇಬೇಕು ಅಂತ ಇದ್ದೇವೆ. ಗುಂಪಿನಲ್ಲಿ ಇಬ್ಬರು ಹುಡುಗಿಯರು ಇದ್ದಾರೆ, ನನ್ನ 15 ವರ್ಷದ ತಮ್ಮನೂ ಬರುತ್ತಾನೆ. ಬೆಳಗಿನ ಜಾವ ಟಿಟಿ (ಟೆಂಪೊ ಟ್ರಾವೆಲರ್) ಮಾಡಿಕೊಂಡು ಹೊರಟು, ಮ್ಯಾಚ್ ಮುಗಿಸಿ ಅದೇ ರಾತ್ರಿ ವಾಪಸ್ ಬರುವ ಪ್ಲಾನ್. ಮನೆಯಲ್ಲಿ ‘ಅಲ್ಲಿ ಹಿಡಿದು ಹೊಡೀತಾರೆ’ ಅಂತ ಹೆದರುತ್ತಿದ್ದಾರೆ. ನಿಜವಾಗಿ ಅಷ್ಟು ಅಪಾಯ ಇದೆಯಾ? ಜರ್ಸಿ ಹಾಕಬಹುದಾ? ತಮಟೆ ಒಯ್ಯಬಹುದಾ?

ಉತ್ತರ: ಖಂಡಿತ ಹೋಗಿ ಬನ್ನಿ. ಎದುರಾಳಿಯ ಅಂಗಳದಲ್ಲಿ ನಮ್ಮ ತಂಡಕ್ಕೆ ಕೂಗುವುದರಲ್ಲಿ ಇರುವ ಖುಷಿಯೇ ಬೇರೆ. ಆದರೆ ನಿಮ್ಮ ಪ್ಲಾನ್‌ನಲ್ಲಿ ಒಂದನ್ನು ಮಾತ್ರ ಇವತ್ತೇ ಕೈಬಿಡಿ. ಅದೇ ರಾತ್ರಿ ವಾಪಸ್ ಬರಬೇಡಿ.

ಜನ ಸೇರುವ ಜಾಗಗಳಲ್ಲಿ ಸುರಕ್ಷತೆ ನೋಡಿಕೊಳ್ಳುವುದು ನನ್ನ ಕೆಲಸ. ನಿಮ್ಮ ಮನೆಯವರ ಭಯ ನನಗೆ ಅರ್ಥ ಆಗುತ್ತದೆ. ಅವರು ಹೆದರುತ್ತಿರುವುದು ಹಳದಿ ಜರ್ಸಿಯವರಿಗೆ, ಅಂದರೆ ಬ್ಲಾಸ್ಟರ್ಸ್ ಅಭಿಮಾನಿಗಳಿಗೆ. ನಾನು ಹೆದರುವುದು ಬೇರೆ ಎರಡು ವಿಷಯಕ್ಕೆ: ಗೇಟಿನ ಹತ್ತಿರದ ನೂಕುನುಗ್ಗಲು ಮತ್ತು ಬೆಳಗಿನ ಜಾವ ಮೂರು ಗಂಟೆಯ ರಸ್ತೆ. ನಿಮ್ಮ ತಯಾರಿಯೆಲ್ಲ ಮೊದಲು ಇವೆರಡಕ್ಕೆ ಇರಲಿ.

ರಸ್ತೆಯ ಲೆಕ್ಕ ಹಾಕಿ ನೋಡೋಣ. ಸಂಜೆ 7.30ಕ್ಕೆ ಶುರುವಾದ ಮ್ಯಾಚ್ ಮುಗಿಯುವಾಗ 9.30 ಆಗಿರುತ್ತದೆ. ಸ್ಟೇಡಿಯಂನಿಂದ ಹೊರಬಂದು, ಗಾಡಿ ಹತ್ತಿರ ಸೇರಿ, ಊಟ ಮಾಡಿ ಹೊರಡುವ ಹೊತ್ತಿಗೆ ಹನ್ನೊಂದು. ತ್ರಿಶೂರ್, ಪೆರಿಂದಲ್‌ಮಣ್ಣ, ನಿಲಂಬೂರ್ ದಾಟಿ ನಾಡುಕಾಣಿ ಘಾಟಿ ಹತ್ತಿ ಗೂಡಲೂರು ಮುಟ್ಟುವಾಗ ಬೆಳಗಿನ ಜಾವ ನಾಲ್ಕು ಅಂದುಕೊಳ್ಳಿ. ಮುಂದೆ ಮುದುಮಲೈ, ಬಂಡೀಪುರ. ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟ್ ಹಾಕಿರುತ್ತಾರೆ. 2009ರಿಂದ ಇರುವ ನಿಯಮ ಇದು, ಮೈಸೂರು ಮಂಡ್ಯದವರಿಗೆ ಗೊತ್ತಿರುವುದೇ. ಸುಲ್ತಾನ್ ಬತ್ತೇರಿ ಕಡೆಯಿಂದ ಗುಂಡ್ಲುಪೇಟೆಗೆ ಬರುವ ರಸ್ತೆಗೂ ಇದೇ ಸಮಯ. ಕೊಯಮತ್ತೂರು, ಸತ್ಯಮಂಗಲ, ದಿಂಬಂ ಘಾಟಿ ಮೇಲೆ ಚಾಮರಾಜನಗರಕ್ಕೆ ಬರೋಣ ಅಂದರೆ, ಅಲ್ಲೂ 2022ರಿಂದ ರಾತ್ರಿ ಸಂಚಾರಕ್ಕೆ ತಡೆ ಇದೆ. ಮಾನಂದವಾಡಿಯಿಂದ ಬಾವಲಿ ಮೇಲೆ ಎಚ್.ಡಿ. ಕೋಟೆಗೆ ಬರುವ ದಾರಿ ಸಂಜೆ 6ಕ್ಕೇ ಮುಚ್ಚುತ್ತದೆ. ಉಳಿಯುವುದು ಎರಡು. ಸೇಲಂ, ಬೆಂಗಳೂರು ಮೇಲಿನ ಹೆದ್ದಾರಿ ತುಂಬಾ ಸುತ್ತು. ಇನ್ನೊಂದು ಕುಟ್ಟ, ಗೋಣಿಕೊಪ್ಪ, ಹುಣಸೂರು ದಾರಿ. ಅದೂ ಸುತ್ತು, ಕಾಡಿನ ದಾರಿ, ಬರೀ ತಿರುವು.

ಅಂದರೆ ಹತ್ತಿರದ ದಾರಿ ಹಿಡಿದು ರಾತ್ರಿಯೇ ಹೊರಟರೂ ನೀವು ಚೆಕ್‌ಪೋಸ್ಟ್‌ನಲ್ಲಿ ಗಾಡಿ ನಿಲ್ಲಿಸಿಕೊಂಡು ಬೆಳಕಾಗುವುದನ್ನೇ ಕಾಯಬೇಕು. ಉಳಿತಾಯ ಏನೂ ಇಲ್ಲ. ಡ್ರೈವರ್‌ಗೆ ಮಾತ್ರ ನಿದ್ದೆ ಇಲ್ಲ. ಹದಿನೇಳು ಗಂಟೆ ನಿದ್ದೆಗೆಟ್ಟವನ ಚುರುಕುತನ, ರಕ್ತದಲ್ಲಿ 100 ಮಿ.ಲೀ.ಗೆ 50 ಮಿ.ಗ್ರಾಂ ಮದ್ಯ ಇರುವವನಷ್ಟೇ ಇಳಿದಿರುತ್ತದೆ ಎಂದು ಸಂಶೋಧನೆಗಳು ತೋರಿಸಿವೆ. ನಮ್ಮ ಕಾನೂನಿನ ಮಿತಿ 30 ಮಿ.ಗ್ರಾಂ. ಬೆಳಗಿನ ಜಾವ ಐದಕ್ಕೆ ಮಂಡ್ಯ ಬಿಟ್ಟ ಡ್ರೈವರ್‌ಗೆ ರಾತ್ರಿ ಹತ್ತಕ್ಕೇ ಹದಿನೇಳು ಗಂಟೆ ತುಂಬಿರುತ್ತದೆ. ಆತ ಒಂದು ಹನಿ ಕುಡಿಯದಿದ್ದರೂ ಕುಡಿದವನ ಕೈಯಲ್ಲಿ ಸ್ಟೇರಿಂಗ್ ಕೊಟ್ಟ ಹಾಗೇ ಆಯಿತು. ‘ಅವರಿಗೆ ಅಭ್ಯಾಸ ಇದೆ’ ಅಂತ ಎಲ್ಲರೂ ಹೇಳುತ್ತಾರೆ. ನಿದ್ದೆಗೆಡುವುದಕ್ಕೆ ಅಭ್ಯಾಸ ಅನ್ನುವುದು ಇಲ್ಲ. ಹಿಂದಿನ ಸೀಟಿನಲ್ಲಿ ಎಂಟು ಜನ ಮಲಗಿರುತ್ತೀರಿ, ಮುಂದೆ ಒಬ್ಬರು ಒಂಟಿಯಾಗಿ ಕಣ್ಣು ಉಜ್ಜಿಕೊಳ್ಳುತ್ತಾ ಇರುತ್ತಾರೆ. ಇದನ್ನು ದಯವಿಟ್ಟು ಮಾಡಬೇಡಿ.

ನನ್ನನ್ನು ಕೇಳಿದರೆ ರೈಲಿನಲ್ಲಿ ಹೋಗಿ. ಮೈಸೂರಿನಿಂದ ತಿರುವನಂತಪುರಂ ನಾರ್ತ್‌ಗೆ ಎಕ್ಸ್‌ಪ್ರೆಸ್ ಇದೆ. ಮೊದಲು ಕೊಚ್ಚುವೇಳಿ ಎಕ್ಸ್‌ಪ್ರೆಸ್ ಅನ್ನುತ್ತಿದ್ದದ್ದು ಇದನ್ನೇ. ಮಂಡ್ಯದಲ್ಲೂ ನಿಲ್ಲುತ್ತದೆ. ಬೆಂಗಳೂರು, ಸೇಲಂ, ಕೊಯಮತ್ತೂರು, ಪಾಲಕ್ಕಾಡ್ ಮೇಲೆ ಹೋಗಿ ಮರುದಿನ ಬೆಳಗಿನ ಜಾವ ಎರ್ನಾಕುಲಂ ಟೌನ್ ಮುಟ್ಟುತ್ತದೆ. ಅಲ್ಲಿಯವರು ನಾರ್ತ್ ಸ್ಟೇಷನ್ ಅನ್ನುತ್ತಾರೆ. ಕಲೂರಿಗೆ ಹತ್ತಿರದ ಸ್ಟೇಷನ್ ಇದೇ. ಹಾಗಾಗಿ ಎರ್ನಾಕುಲಂ ಜಂಕ್ಷನ್‌ಗೆ ಟಿಕೆಟ್ ತೆಗೆದು ಗೊಂದಲ ಮಾಡಿಕೊಳ್ಳಬೇಡಿ. ಪಕ್ಕದಲ್ಲೇ ಟೌನ್ ಹಾಲ್ ಮೆಟ್ರೊ ಸ್ಟೇಷನ್ ಇದೆ. ಆಲುವಾ ಕಡೆ ಹೋಗುವ ಮೆಟ್ರೊ ಹತ್ತಿದರೆ ಮುಂದಿನದು ಕಲೂರು, ಅದರ ಮುಂದಿನದು ಜೆಎಲ್‌ಎನ್ ಸ್ಟೇಡಿಯಂ. ಇಳಿದರೆ ಎದುರಿಗೇ ಮೈದಾನ. ರೈಲ್ವೆ ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ. ವಾಪಸ್ ಟಿಕೆಟ್ ಮ್ಯಾಚಿನ ಮರುದಿನಕ್ಕೆ ಮಾಡಿಸಿ. ಮ್ಯಾಚ್ ದಿನ ಮಧ್ಯಾಹ್ನ ಮಲಗಲು, ರಾತ್ರಿ ಉಳಿಯಲು ನಾರ್ತ್ ಸ್ಟೇಷನ್ ಸುತ್ತಮುತ್ತ ಅಥವಾ ಮೆಟ್ರೊ ದಾರಿಯಲ್ಲಿ ಎಲ್ಲಾದರೂ ರೂಮ್ ಹಿಡಿಯಿರಿ.

ಟಿಟಿಯೇ ಬೇಕು ಅಂತ ಹಟ ಇದ್ದರೆ, ಯೆಲ್ಲೋ ಬೋರ್ಡ್ ಗಾಡಿಯೇ ಆಗಲಿ. ಪರಿಚಯದವರ ವೈಟ್ ಬೋರ್ಡ್ ಗಾಡಿಯನ್ನು ಬಾಡಿಗೆಗೆ ತೆಗೆದುಕೊಂಡು ಏನಾದರೂ ಆದರೆ ಇನ್ಶೂರೆನ್ಸ್ ಕೈಗೆ ಸಿಗುವುದು ಕಷ್ಟ. ಕೇರಳ, ತಮಿಳುನಾಡು ಎರಡಕ್ಕೂ ಪರ್ಮಿಟ್ ಇದೆಯಾ ಅಂತ ಹೊರಡುವ ಮೊದಲೇ ಕೇಳಿ. ಗೂಡಲೂರು ನೀಲಗಿರಿ ಜಿಲ್ಲೆಗೆ ಸೇರಿದ್ದು. ಆ ಜಿಲ್ಲೆಗೆ ಹೋಗುವ ಗಾಡಿಗಳಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು. ಡ್ರೈವರ್‌ಗೂ ರಾತ್ರಿ ಒಂದು ಹಾಸಿಗೆ ಸೇರಿಸಿ ರೂಮ್ ಮಾಡಿ. ಗಾಡಿಯಲ್ಲೇ ಮಲಗಿಕೊಳ್ಳುತ್ತಾರೆ ಬಿಡಿ ಅಂತ ಬಿಡಬೇಡಿ. ಮರುದಿನ ನಿಮ್ಮ ಎಂಟು ಜನರ ಜೀವ ಅವರ ನಿದ್ದೆಯ ಮೇಲೇ ನಿಂತಿರುತ್ತದೆ.

ಈಗ ಸ್ಟೇಡಿಯಂ. ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಜನರಿಗೆ ತೀರಾ ಕಡಿಮೆ ಗೊತ್ತಿರುವ ವಿಷಯ ಇದು.

2022ರ ಅಕ್ಟೋಬರ್ 1ರಂದು ಇಂಡೊನೇಷ್ಯಾದ ಮಲಾಂಗ್‌ನ ಕಂಜುರುಹಾನ್ ಸ್ಟೇಡಿಯಂನಲ್ಲಿ ಅರೆಮಾ ಮತ್ತು ಪೆರ್ಸೆಬಾಯಾ ನಡುವೆ ಮ್ಯಾಚ್ ಇತ್ತು. ಎರಡೂ ತಂಡಕ್ಕೆ ಹಳೆಯ ಹಗೆ. ಜಗಳ ಆಗಬಾರದು ಅಂತ ಪೆರ್ಸೆಬಾಯಾ ಅಭಿಮಾನಿಗಳನ್ನು ಒಳಗೆ ಬಿಟ್ಟಿರಲೇ ಇಲ್ಲ. ಆದರೂ 135 ಜನ ಸತ್ತರು. ಅರೆಮಾ ಸೋತಾಗ ಕೆಲವರು ಮೈದಾನಕ್ಕೆ ಇಳಿದರು. ಪೊಲೀಸರು ಗ್ಯಾಲರಿಗೂ ಅಶ್ರುವಾಯು ಹೊಡೆದರು. ಎಲ್ಲರೂ ಒಮ್ಮೆಗೇ ಗೇಟುಗಳಿಗೆ ನುಗ್ಗಿದರು. ನಮ್ಮ ಬೆಂಗಳೂರಿನಲ್ಲಿ 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಗೇಟುಗಳ ಹತ್ತಿರ 11 ಜನ ಸತ್ತರು. ಅವತ್ತು ಮ್ಯಾಚ್ ಕೂಡ ಇರಲಿಲ್ಲ. ಬಂದವರೆಲ್ಲ ಒಂದೇ ತಂಡದವರು, ಗೆದ್ದ ಖುಷಿಯಲ್ಲಿ ಬಂದವರು. ಎರಡೂ ಕಡೆ ಎದುರಾಳಿ ಅಭಿಮಾನಿ ಅಂತ ಒಬ್ಬನೂ ಇರಲಿಲ್ಲ. ಅದಕ್ಕೇ ನಾನು ‘ಹೊಡೀತಾರೆ’ ಅನ್ನುವ ಭಯಕ್ಕಿಂತ ಗೇಟಿಗೆ ಜಾಸ್ತಿ ಹೆದರುವುದು.

ನೂಕುನುಗ್ಗಲಿನಲ್ಲಿ ಜನ ಸಾಯುವುದು ಹೆಚ್ಚಾಗಿ ಕಾಲ್ತುಳಿತದಿಂದ ಅಲ್ಲ. ನಿಂತಲ್ಲೇ ಉಸಿರುಗಟ್ಟಿ ಸಾಯುತ್ತಾರೆ. ನಾಲ್ಕೂ ಕಡೆಯಿಂದ ಮೈ ಒತ್ತಿದಾಗ ಎದೆ ಅಗಲಿಸಲು ಜಾಗ ಇರುವುದಿಲ್ಲ, ಉಸಿರು ಒಳಗೆ ಹೋಗುವುದಿಲ್ಲ. ಒಂದು ಚದರ ಮೀಟರ್ ಜಾಗದಲ್ಲಿ ನಾಲ್ಕು ಜನ ಇರುವವರೆಗೆ ನೀವು ಕಾಲು ಎತ್ತಿ ಇಡಬಹುದು, ತಿರುಗಬಹುದು. ಐದು ದಾಟಿದರೆ ಕಷ್ಟ ಶುರು. ಆರು ಏಳು ಆದಾಗ ಗುಂಪು ನೀರಿನ ಅಲೆಯ ಹಾಗೆ ತೊನೆಯುತ್ತದೆ, ನಿಮ್ಮ ಕಾಲು ನಿಮ್ಮ ಮಾತು ಕೇಳುವುದಿಲ್ಲ. ದಸರಾ ದಿನ ಕೆ.ಆರ್. ಸರ್ಕಲ್ ಹತ್ತಿರ ಜಂಬೂಸವಾರಿ ಬರುವ ಹೊತ್ತಿಗೆ ನಿಂತಿದ್ದರೆ ಆ ಒತ್ತಡದ ಶುರುವಾತು ಹೇಗಿರುತ್ತದೆ ಅಂತ ನಿಮಗೆ ಗೊತ್ತಿರುತ್ತದೆ. ನಿಮ್ಮಿಷ್ಟಕ್ಕೆ ತಿರುಗಲು ಆಗುತ್ತಿಲ್ಲ, ಎರಡೂ ಪಕ್ಕದವರ ಭುಜ ಒಟ್ಟಿಗೇ ತಾಗುತ್ತಿದೆ ಅನ್ನಿಸಿದ ಕ್ಷಣವೇ ಹೊರಗೆ ಸರಿಯಬೇಕು. ಇನ್ನೂ ಸ್ವಲ್ಪ ನೋಡೋಣ ಅಂದರೆ ಆಮೇಲೆ ಅವಕಾಶ ಸಿಗುವುದಿಲ್ಲ.

ಸರಿಯುವುದು ಹೇಗೆ? ಗುಂಪಿನ ಹರಿವಿಗೆ ಎದುರಾಗಿ ನೂಕಬೇಡಿ. ಒಂದು ಅಲೆ ತಳ್ಳಿ ನಿಂತಾಗ ಸ್ವಲ್ಪ ಸಡಿಲ ಸಿಗುತ್ತದೆ. ಆಗ ಓರೆಯಾಗಿ, ಅಂಚಿನ ಕಡೆಗೆ ಒಂದೆರಡು ಹೆಜ್ಜೆ ಹಾಕಿ. ಮತ್ತೆ ಅಲೆ ಬಂದಾಗ ನಿಲ್ಲಿ. ಎರಡೂ ಕೈಗಳನ್ನು ಎದೆಯ ಮುಂದೆ ಮಡಚಿ ಹಿಡಿಯಿರಿ, ಬಾಕ್ಸಿಂಗ್ ಮಾಡುವವರು ಹಿಡಿಯುವ ರೀತಿ. ಎದೆಯ ಮುಂದೆ ಒಂದು ಗೇಣು ಜಾಗ ಉಳಿದರೆ ಸಾಕು, ಉಸಿರಾಡಬಹುದು. ಮೊಬೈಲ್ ಬಿತ್ತಾ, ಚಪ್ಪಲಿ ಬಿತ್ತಾ, ಬಿಡಿ. ಬಗ್ಗಬೇಡಿ. ಕಿರುಚಬೇಡಿ, ಉಸಿರು ಖರ್ಚಾಗುತ್ತದೆ. ಗೋಡೆ, ಬ್ಯಾರಿಕೇಡ್, ಕಂಬದ ಪಕ್ಕ ಆಸರೆ ಅಂತ ನಿಲ್ಲಬೇಡಿ, ಒತ್ತಡ ಜಾಸ್ತಿ ಆಗುವುದೇ ಅಲ್ಲಿ. ಬಿದ್ದರೆ ತಕ್ಷಣ ಏಳಲು ನೋಡಿ. ಆಗದಿದ್ದರೆ ಪಕ್ಕಕ್ಕೆ ಹೊರಳಿ, ಮಂಡಿ ಮಡಚಿ, ಕೈಯಿಂದ ತಲೆ ಮುಚ್ಚಿಕೊಳ್ಳಿ. ಬೋರಲಾಗಿ ಅಥವಾ ಅಂಗಾತ ಮಾತ್ರ ಮಲಗಬೇಡಿ. ಇದನ್ನು ನಿಮ್ಮ ತಮ್ಮನಿಗೆ ಮನೆಯಲ್ಲೇ ಒಮ್ಮೆ ಮಾಡಿ ತೋರಿಸಿ. ಆ ಹೊತ್ತಿನಲ್ಲಿ ನೆನಪು ಬರುವುದು ಮೈಗೆ ಗೊತ್ತಿದ್ದದ್ದು ಮಾತ್ರ.

ಇದಕ್ಕಿಂತ ಸುಲಭದ ದಾರಿ ಎಂದರೆ ಆ ಒತ್ತಡಕ್ಕೆ ಸಿಗದೇ ಇರುವುದು. ಮ್ಯಾಚ್‌ಗೆ ಎರಡು ಗಂಟೆ ಮುಂಚೆ ಗೇಟಿನ ಹತ್ತಿರ ಇರಿ. ಕೊನೆಯ ಅರ್ಧ ಗಂಟೆಯಲ್ಲಿ ಬರುವವರೇ ಗೇಟಿಗೆ ನುಗ್ಗುವುದು. ಒಳಗೆ ಕೂತ ಮೇಲೆ ಮೊದಲ ಕೆಲಸ, ಹೊರಗೆ ಹೋಗುವ ದಾರಿ ನೋಡಿಕೊಳ್ಳುವುದು. ಬಂದ ದಾರಿ ಒಂದು, ಅದಲ್ಲದೆ ಇನ್ನೊಂದು. ಕಲೂರು ಸ್ಟೇಡಿಯಂ ಎತ್ತರದ್ದು, ತುಂಬಾ ಮೆಟ್ಟಿಲು. 2017ರ 17 ವರ್ಷದೊಳಗಿನವರ ವಿಶ್ವಕಪ್ ನಡೆದಾಗ ಸುರಕ್ಷತೆಗಾಗಿ ಅಲ್ಲಿ 29,000 ಜನರನ್ನಷ್ಟೇ ಬಿಡುವುದು ಎಂದು ಮಿತಿ ಹಾಕಿದ್ದರು. ಆಪತ್ತು ಬಂದರೆ ಅಷ್ಟೂ ಜನ ಬೇಗ ಹೊರಗೆ ಹೋಗಬೇಕು ಅನ್ನುವುದೇ ಇಂಥ ಲೆಕ್ಕದ ಹಿಂದಿರುವ ಯೋಚನೆ. ನೀವೂ ನಿಮ್ಮ ಎಂಟು ಜನಕ್ಕೆ ಅದೇ ಲೆಕ್ಕ ಹಾಕಿ.

ಮ್ಯಾಚ್ ಮುಗಿದ ಮೇಲೆ ಹೊರಗಿನಿಂದ ಬಂದ ಅಭಿಮಾನಿಗಳನ್ನು ಪೊಲೀಸರು ಸ್ವಲ್ಪ ಹೊತ್ತು ಒಳಗೇ ಕೂರಿಸಬಹುದು. ಅದಕ್ಕೆ ಸಿಟ್ಟಾಗಬೇಡಿ. ಹೊರಗೆ ಜನ ಕರಗಲಿ ಅಂತ ಕೂರಿಸುವುದು. ಕೂರಿಸದಿದ್ದರೂ ನೀವಾಗಿಯೇ ಇಪ್ಪತ್ತು ನಿಮಿಷ ಕೂತುಬಿಡಿ. ಅವತ್ತಿನ ಕೊನೆಯ ಮೆಟ್ರೊ ಎಷ್ಟು ಹೊತ್ತಿಗೆ ಅಂತ ಬೆಳಿಗ್ಗೆಯೇ ಸ್ಟೇಷನ್‌ನಲ್ಲಿ ಕೇಳಿಕೊಂಡಿದ್ದರೆ ಅವಸರ ಇರುವುದಿಲ್ಲ. ಸ್ಟೇಷನ್ ಮೆಟ್ಟಿಲ ಮೇಲೆ ಜನ ಕಿಕ್ಕಿರಿದಿದ್ದರೆ ಎಂಟು ಜನವೂ ಒಟ್ಟಿಗೆ ಕಲೂರು ಸ್ಟೇಷನ್‌ವರೆಗೆ ನಡೆದು ಹೋಗಿ.

ಒಬ್ಬರಿಗೊಬ್ಬರು ತಪ್ಪಿದರೆ? ಅಷ್ಟು ಜನ ಸೇರಿದಾಗ ಫೋನ್ ನೆಟ್‌ವರ್ಕ್ ಕೈಕೊಡುತ್ತದೆ. ವಾಟ್ಸ್‌ಆ್ಯಪ್ ಹೋಗದಿದ್ದರೂ ಮಾಮೂಲಿ ಎಸ್‌ಎಂಎಸ್ ಕೆಲವೊಮ್ಮೆ ಹೋಗುತ್ತದೆ. ಕೊಚ್ಚಿಯಲ್ಲಿ ಮೆಟ್ರೊ ಕಂಬಗಳಿಗೆಲ್ಲ ನಂಬರ್ ಬರೆದಿರುತ್ತಾರೆ, ಅಲ್ಲಿನವರು ವಿಳಾಸ ಹೇಳುವುದೂ ಕಂಬದ ನಂಬರ್‌ನಿಂದಲೇ. ಗೇಟಿನಿಂದ ಸ್ವಲ್ಪ ದೂರದ ಒಂದು ಕಂಬ ಆರಿಸಿ, ‘ತಪ್ಪಿಸಿಕೊಂಡರೆ ಇಲ್ಲೇ’ ಅಂತ ಎಲ್ಲರಿಗೂ ತೋರಿಸಿ. ನಂಬರನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಸಿ. ತಮ್ಮನ ಚೀಟಿಯಲ್ಲಿ ನಿಮ್ಮ ಫೋನ್ ನಂಬರ್, ರೂಮಿನ ಹೆಸರು ಕೂಡ ಇರಲಿ. ಅವನ ಜೊತೆ ಇರುವ ಜವಾಬ್ದಾರಿ ಒಬ್ಬರದೇ ಆಗಿರಲಿ. ಎಲ್ಲರೂ ನೋಡಿಕೊಳ್ಳುತ್ತೇವೆ ಅಂದರೆ ಯಾರೂ ನೋಡಿಕೊಂಡಿರುವುದಿಲ್ಲ.

ಇನ್ನು ಹಳದಿ ಜರ್ಸಿಯವರ ವಿಷಯ. ಅವರಿಗೂ ನಮಗೂ ಇರುವ ಪೈಪೋಟಿ ಹಳೆಯದೇ. ಆದರೆ ನಿಜವಾಗಿ ಕಾವೇರಿದ್ದು 2023ರ ಮಾರ್ಚ್ 3ರಿಂದ. ಕಂಠೀರವದಲ್ಲಿ ಪ್ಲೇಆಫ್. 96ನೇ ನಿಮಿಷದಲ್ಲಿ ಸುನಿಲ್ ಛೆಟ್ರಿ ಫ್ರೀ ಕಿಕ್ ಅನ್ನು ತಡಮಾಡದೆ ಹೊಡೆದರು, ಗೋಲಾಯಿತು. ನಾವಿನ್ನೂ ಸಿದ್ಧವಾಗಿರಲಿಲ್ಲ ಅಂತ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟೇ ಹೋಯಿತು. ಆಮೇಲೆ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್ ಇವಾನ್ ವುಕೊಮನೊವಿಚ್‌ಗೆ 10 ಮ್ಯಾಚ್ ನಿಷೇಧ. ನಮಗೆ ಅದು ನೆನೆದಾಗಲೆಲ್ಲ ಖುಷಿ ಕೊಡುವ ಗೋಲು. ಅವರಿಗೆ ಇನ್ನೂ ಆರದ ಗಾಯ. ಇದನ್ನು ತಿಳಿದುಕೊಂಡು ಹೋಗಿ. ಗ್ಯಾಲರಿಯಲ್ಲಿ ಛೆಟ್ರಿ ಹೆಸರು ಕೂಗಿ, ತಪ್ಪೇನಿಲ್ಲ. ರಾತ್ರಿ ಹತ್ತಕ್ಕೆ ಚಹಾ ಅಂಗಡಿ ಮುಂದೆ ಆ ಫ್ರೀ ಕಿಕ್ ಬಗ್ಗೆ ವಾದಕ್ಕೆ ಇಳಿಯಬೇಡಿ.

ಟಿಕೆಟ್ ಮಾತ್ರ ಹೊರಗಿನ ಅಭಿಮಾನಿಗಳಿಗೆ ಮೀಸಲಿಟ್ಟ ಜಾಗದ್ದೇ ಆಗಬೇಕು. ಇದರಲ್ಲಿ ರಾಜಿ ಬೇಡ. ಕಂಠೀರವದಲ್ಲಿ ನಮಗೆ ವೆಸ್ಟ್ ಬ್ಲಾಕ್ ಇದ್ದ ಹಾಗೆ ಅಲ್ಲಿ ಈಸ್ಟ್ ಗ್ಯಾಲರಿ ಬ್ಲಾಸ್ಟರ್ಸ್ ಅಭಿಮಾನಿ ಬಳಗ ಮಂಜಪ್ಪಡದವರ ಕೋಟೆ. ಕಡಿಮೆ ಬೆಲೆಗೆ ಸಿಕ್ಕಿತು ಅಂತ ಅಲ್ಲಿ ಹೋಗಿ ಕೂತರೆ, ನಮ್ಮ ಗೋಲಿಗೆ ಎದ್ದು ಕುಣಿಯದೆ ಇರಲು ನಿಮ್ಮಿಂದ ಆಗುವುದಿಲ್ಲ. ಗಲಾಟೆ ಶುರುವಾಗುವುದು ಹೀಗೆಯೇ. 1980ರ ಆಗಸ್ಟ್ 16ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ಮ್ಯಾಚ್ ವೇಳೆ ಗ್ಯಾಲರಿಯಲ್ಲಿ ಹೊಡೆದಾಟ ಹತ್ತಿ, ಆ ನೂಕಾಟದಲ್ಲಿ 16 ಜನ ಸತ್ತಿದ್ದರು. ನಮ್ಮ ತಂಡದ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್‌ನವರನ್ನು ಮೊದಲೇ ಸಂಪರ್ಕಿಸಿ. ಹೊರಗಿನ ಮ್ಯಾಚಿಗೆ ಹೋಗುವವರ ಜೊತೆ ಸೇರಿಕೊಂಡರೆ ಟಿಕೆಟ್, ಗೇಟ್, ಪೊಲೀಸರ ಸೂಚನೆ ಎಲ್ಲವೂ ಒಂದೇ ಕಡೆ ತಿಳಿಯುತ್ತದೆ.

ಜರ್ಸಿ ಹಾಕಿ. ಅದಕ್ಕೇ ತಾನೇ ಅಷ್ಟು ದೂರ ಹೋಗುವುದು? ಆದರೆ ಮೇಲೊಂದು ಸಾದಾ ಶರ್ಟ್ ಇರಲಿ. ರೈಲಿನಲ್ಲಿ, ಮೆಟ್ರೊದಲ್ಲಿ, ಹೋಟೆಲ್‌ನಲ್ಲಿ ಶರ್ಟ್ ಮುಚ್ಚಿರಲಿ. ನಿಮ್ಮ ಗ್ಯಾಲರಿಗೆ ಹೋದ ಮೇಲೆ ತೆಗೆಯಿರಿ. ಹೊರಡುವಾಗ ಮತ್ತೆ ಹಾಕಿಕೊಳ್ಳಿ, ಗೆದ್ದಿದ್ದರೆ ಮರೆಯದೆ ಹಾಕಿಕೊಳ್ಳಿ. 2024ರ ಅಕ್ಟೋಬರ್ 25ರಂದು ನಾವು ಅಲ್ಲಿ 3–1ರಿಂದ ಗೆದ್ದಿದ್ದೆವು. ಅಂಥ ರಾತ್ರಿ ಹೊರಗೆ ಹೋಗುವ ಸಾವಿರಾರು ಜನಕ್ಕೆ ಮನಸ್ಸು ಕೆಟ್ಟಿರುತ್ತದೆ. ಅವರ ನಡುವೆ ಎಂಟು ನೀಲಿ ಜರ್ಸಿ ಕುಣಿಯುತ್ತಾ ಹೋಗುವುದು ಧೈರ್ಯ ಅಲ್ಲ. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಮನಸಾರೆ ಕುಣಿಯಿರಿ.

ಇನ್ನೊಂದು ಮಾತು, ಇದನ್ನು ನಾನು ಮಂಡ್ಯ ಮೈಸೂರಿನ ಹುಡುಗರಿಗೆ ಯಾವಾಗಲೂ ಹೇಳುತ್ತೇನೆ. ಘೋಷಣೆ ಫುಟ್‌ಬಾಲ್‌ಗೆ ಮಾತ್ರ ಇರಲಿ. ರಾಜ್ಯ, ಭಾಷೆ, ಗಡಿ, ಬಂಡೀಪುರದ ರಸ್ತೆ, ಯಾವುದನ್ನೂ ಗ್ಯಾಲರಿಗೆ ತರಬೇಡಿ. ತಂಡವನ್ನು ಅಣಕಿಸಿದರೆ ಅವರೂ ಅಣಕಿಸುತ್ತಾರೆ, ಅಲ್ಲಿಗೆ ಮುಗಿಯಿತು. ಊರನ್ನೋ ಜನರನ್ನೋ ಬೈದರೆ ಫುಟ್‌ಬಾಲ್‌ಗೆ ಸಂಬಂಧ ಇಲ್ಲದವರೂ ಸೇರಿಕೊಳ್ಳುತ್ತಾರೆ. ಯಾರಾದರೂ ಕೆಣಕಿದರೆ ಉತ್ತರ ಕೊಡದೆ ಮುಂದೆ ನಡೆಯಿರಿ, ಮೊಬೈಲ್ ಎತ್ತಿ ವಿಡಿಯೊ ಮಾಡಲು ನಿಲ್ಲಬೇಡಿ. ಅವರಲ್ಲಿ ಬಹಳಷ್ಟು ಜನ ನಿಮ್ಮ ಹಾಗೆಯೇ ತಂಡಕ್ಕಾಗಿ ಕಷ್ಟಪಟ್ಟು ಬಂದವರು. ದಾರಿ ಕೇಳುವಾಗ ‘ಚೇಟ್ಟಾ’ (ಅಣ್ಣಾ) ಅಂತ ಕರೆದು ನಗುತ್ತಾ ಕೇಳಿ, ಜೊತೆಗೆ ಬಂದು ತೋರಿಸುವವರೂ ಸಿಗುತ್ತಾರೆ. ಎಲ್ಲಿ ಉಳಿದಿದ್ದೀರಿ, ಯಾವ ರೈಲು ಅನ್ನುವುದನ್ನು ಮಾತ್ರ ಇನ್‌ಸ್ಟಾಗ್ರಾಂನಲ್ಲಿ ಹಾಕಬೇಡಿ. ಫೋಟೊ ಊರಿಗೆ ಬಂದ ಮೇಲೂ ಹಾಕಬಹುದು.

ಹುಡುಗಿಯರು ಬರುತ್ತಾರೆ ಅಂತ ಪ್ಲಾನ್ ಕುಗ್ಗಿಸುವುದು ಬೇಡ. ಗ್ಯಾಲರಿಯಲ್ಲಿ ನಡುದಾರಿಯ ಪಕ್ಕದ ಸೀಟು ಅವರಿಗೆ ಬಿಡಿ. ಶೌಚಾಲಯಕ್ಕೋ ನೀರಿಗೋ ಹೋಗುವಾಗ ಯಾರೇ ಆಗಲಿ ಒಬ್ಬರೇ ಹೋಗಬಾರದು, ಈ ನಿಯಮ ಹುಡುಗರಿಗೂ ಇರಲಿ. ಹೆಣ್ಣುಮಕ್ಕಳ ಸುರಕ್ಷತೆಗೆ ಇರುವ ಕೇರಳ ಪೊಲೀಸರ ಪಿಂಕ್ ಪ್ಯಾಟ್ರೋಲ್ ನಂಬರ್ 1515. ತುರ್ತಿಗೆ 112, ಆಂಬುಲೆನ್ಸ್‌ಗೆ 108, ರೈಲಿನಲ್ಲಿ ತೊಂದರೆಯಾದರೆ 139. ಎಂಟೂ ಫೋನಿನಲ್ಲಿ ಈಗಲೇ ಸೇವ್ ಮಾಡಿ.

ಕೊಚ್ಚಿಯ ಸೆಕೆ ನಮ್ಮ ಕಡೆಯ ಬಿಸಿಲಿನ ಹಾಗಲ್ಲ, ಬೆವರು ಆರುವುದೇ ಇಲ್ಲ. ಮಧ್ಯಾಹ್ನದಿಂದಲೇ ನೀರು ಕುಡಿಯುತ್ತಿರಿ. ಒಂದೆರಡು ಓಆರ್‌ಎಸ್ ಪೊಟ್ಟಣ ಜೇಬಿನಲ್ಲಿರಲಿ. ಮದ್ಯ ಬೇಡ. ಕುಡಿದವರನ್ನು ಗೇಟಿನಲ್ಲೇ ವಾಪಸ್ ಕಳಿಸಬಹುದು, ರಸ್ತೆಯಲ್ಲಿ ಕುಡಿದರೆ ಪೊಲೀಸ್ ಕೇಸ್ ಆಗುತ್ತದೆ.

ತಮಟೆ ಬಗ್ಗೆ ಕೇಳಿದ್ದೀರಿ. ವಾದ್ಯ ಒಳಗೆ ಬಿಡುವುದು ಆತಿಥೇಯ ಕ್ಲಬ್ ಮತ್ತು ಪೊಲೀಸರ ಅನುಮತಿಯ ಮೇಲೆ. ಬಡಿಯುವ ಕೋಲನ್ನು ಕೋಲು ಅಂತಲೇ ನೋಡುತ್ತಾರೆ. ಅಭಿಮಾನಿ ಬಳಗದ ಮೂಲಕ ಮೊದಲೇ ಅನುಮತಿ ಸಿಕ್ಕಿದ್ದರೆ ಒಯ್ಯಿರಿ, ಇಲ್ಲದಿದ್ದರೆ ಮನೆಯಲ್ಲೇ ಬಿಡಿ. ಗೇಟಿನಲ್ಲಿ ಕಿತ್ತುಕೊಂಡರೆ ಇಡಲು ಜಾಗ ಇರುವುದಿಲ್ಲ. ಹೊಗೆ ಬತ್ತಿ, ಪಟಾಕಿ ಮುಟ್ಟಲೂಬೇಡಿ. ಪವರ್ ಬ್ಯಾಂಕ್, ಹೆಲ್ಮೆಟ್, ನೀರಿನ ಬಾಟಲಿ, ಬಾವುಟದ ಕೋಲು ಸಾಮಾನ್ಯವಾಗಿ ಬಿಡುವುದಿಲ್ಲ. ಬಟ್ಟೆಯ ಬಾವುಟ, ಬ್ಯಾನರ್ ಮಡಚಿ ಒಯ್ಯಬಹುದು, ಅದರ ಮೇಲಿನ ಬರಹವನ್ನು ಓದಿ ನೋಡಿಯೇ ಬಿಡುತ್ತಾರೆ. ಎಲ್ಲರ ಬಳಿಯೂ ಆಧಾರ್ ಇರಲಿ, ತಮ್ಮನದನ್ನೂ ಸೇರಿಸಿ.

ಮ್ಯಾಚ್ ಪಟ್ಟಿ ಬದಲಾಗುವುದು ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಹೊಸದಲ್ಲ. ಆದ್ದರಿಂದ ರದ್ದು ಮಾಡಿದರೆ ಹಣ ವಾಪಸ್ ಬರುವ ರೂಮನ್ನೇ ಹಿಡಿಯಿರಿ. ಹೊರಡುವ ಹಿಂದಿನ ದಿನ ಮ್ಯಾಚಿನ ಜಾಗ, ಸಮಯ ಎರಡನ್ನೂ ಇನ್ನೊಮ್ಮೆ ನೋಡಿಕೊಳ್ಳಿ.